ಸೋಮವಾರದ ಮಾತ್ರೆ

‘ಹೇಳಿ ನೋಡೋಣ ಸಿಸ್ಟರ್’ ಅಂತ ಅವರಿಗೆ ಅಡ್ಡಹೆಸರಿಟ್ಟವನು ನಾನೇ. ಪ್ರೀತಿಯಿಂದಲ್ಲ, ಹೊಟ್ಟೆ ಉರಿದು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಮಾತ್ರೆ ಕೊಡುವ ಕೆಲಸ ನನ್ನದು. ಪಕ್ಕದಲ್ಲೇ ಸಿಸ್ಟರ್ ಮೇಜು. ನಾನು ಕೊಟ್ಟ ಮಾತ್ರೆಗಳನ್ನು ರೋಗಿಗಳು ಆ ಮೇಜಿನ ಮೇಲೆ ಹರವಬೇಕು. ಯಾವುದು ಯಾವ ಕಾಯಿಲೆಗೆ, ಯಾವಾಗ ನುಂಗಬೇಕು, ಏನಾದರೆ ತಕ್ಷಣ ಓಡಿ ಬರಬೇಕು ಎಂದು ಸಿಸ್ಟರ್ ಬಿಡಿಸಿ ಹೇಳುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಎಲ್ಲ ಮುಗಿದ ಮೇಲೆ, “ಈಗ ನೀವು ಹೇಳಿ ನೋಡೋಣ” ಎಂದು ಕೈಕಟ್ಟಿ ಕೂತುಬಿಡುತ್ತಿದ್ದರು.

ಹೇಳಬೇಕಲ್ಲ, ಆಗ ಬರುತ್ತಿತ್ತು ಪೀಕಲಾಟ. ಅಷ್ಟು ಹೊತ್ತು ಹೂಂ ಹೂಂ ಅಂದವರು ಸಕ್ಕರೆ ಕಾಯಿಲೆ ಮಾತ್ರೆಯನ್ನು ನಿದ್ದೆಗೆ ಅನ್ನುತ್ತಿದ್ದರು, ಊಟಕ್ಕೆ ಮುಂಚಿನದನ್ನು ಆಮೇಲೆ ಅನ್ನುತ್ತಿದ್ದರು. ಸಿಸ್ಟರ್ ಬೇಜಾರಿಲ್ಲದೆ ಮತ್ತೆ ಮೊದಲಿಂದ ಶುರು. ಸಾಲು ಗೇಟಿನವರೆಗೆ ಬೆಳೆದು, ಜನ ಬಯ್ಯುತ್ತಿದ್ದದ್ದು ಮಾತ್ರ ನನ್ನನ್ನು. ಇದೇನು ಆಸ್ಪತ್ರೆಯೋ ಶಾಲೆಯೋ ಎಂದು ಒಮ್ಮೆ ರೇಗಿದೆ.

“ತಲೆ ಆಡಿಸಿದ್ರೆ ಗೊತ್ತಾಯ್ತು ಅಂತಲ್ಲ ಕಣ್ರೀ,” ಎಂದರು. “ನಮ್ಮ ಮರ್ಯಾದೆಗೆ ಆಡಿಸ್ತಾರೆ.”

ಔಷಧಿ ತಪ್ಪಿ ವಾರದೊಳಗೆ ವಾಪಸ್ ಬಂದು ಮಲಗುವವರು ಕಡಿಮೆಯಾಗಿದ್ದು ನನಗೂ ಕಾಣುತ್ತಿತ್ತು. ಆದರೆ ಒಳ್ಳೇ ಮಾತಾಡಲು ನನ್ನ ಬಾಯಿಗೇನೋ ಬರ. ಒಮ್ಮೆಯೂ ಹೇಳಲಿಲ್ಲ.

ಸಿಸ್ಟರ್ ಅವರ ಅಣ್ಣ ನಿವೃತ್ತ ಮೇಷ್ಟ್ರು. ಅಪ್ಪ ಬೇಗ ಹೋಗಿದ್ದರಿಂದ ತಂಗಿಗೆ ಅಕ್ಷರ ಕಲಿಸಿ, ನರ್ಸಿಂಗ್ ಓದಿಸಿದವರು ಅವರೇ. ಈ ವಯಸ್ಸಿನಲ್ಲೂ ಸಿಸ್ಟರ್ ಅಣ್ಣನ ಎದುರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮೇಷ್ಟ್ರಿಗೆ ಬೆರಳ ಗಂಟುಗಳೆಲ್ಲ ಊದಿಕೊಂಡು, ಡಾಕ್ಟರು ಒಂದು ಮಾತ್ರೆ ಬರೆದರು. ವಾರಕ್ಕೆ ಒಂದೇ ಒಂದು ನುಂಗುವಂಥದ್ದು. ದಿನಾ ನುಂಗಿದರೆ ಅದೇ ವಿಷ. ಸಿಸ್ಟರ್ ಅಣ್ಣ ಪದೇ ಪದೇ ಅಲೆಯುವುದು ಬೇಡವೆಂದು ನಾನು ಆರು ತಿಂಗಳಿಗಾಗುವ, ಹತ್ತು ಹತ್ತು ಮಾತ್ರೆಯ ಮೂರು ಪಟ್ಟಿಗಳನ್ನು ಒಟ್ಟಿಗೆ ಕೊಟ್ಟೆ.

ಸಿಸ್ಟರ್ ನಿಂತುಕೊಂಡೇ ಎಲ್ಲ ವಿವರಿಸಿದರು. ಸೋಮವಾರ ಮಾತ್ರ ಅಣ್ಣ, ಮರೆತರೂ ಬೇರೆ ದಿನ ಬೇಡ ಅಂದರು. ಮೇಷ್ಟ್ರು ತಲೆಯಾಡಿಸಿದರು. ಸಿಸ್ಟರ್ ಮಾಮೂಲಿ ಪ್ರಶ್ನೆಗೆ ಬಾಯಿ ತೆರೆದದ್ದು ನನಗೆ ಕಾಣಿಸಿತು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

“ಏನ್ ಸಿಸ್ಟರ್, ಮೇಷ್ಟ್ರಿಗೇ ಪರೀಕ್ಷೆನಾ?” ಅಂದೆ.

ಮೇಷ್ಟ್ರು ಜೋರಾಗಿ ನಕ್ಕರು. ಸಿಸ್ಟರ್ ನಾಚಿಕೊಂಡು ತಾವೂ ನಕ್ಕು ಕವರನ್ನು ಅಣ್ಣನ ಕೈಗಿತ್ತರು. ನಾನು ನೋಡಿದಂತೆ ಆ ಪ್ರಶ್ನೆ ಕೇಳದೆ ಅವರು ಕಳಿಸಿದ್ದು ಮೇಷ್ಟ್ರೊಬ್ಬರನ್ನೇ.

ಮೂರು ವಾರಕ್ಕೆ ಮೇಷ್ಟ್ರನ್ನು ಹೊತ್ತು ತಂದರು. ಬಾಯ್ತುಂಬ ಹುಣ್ಣು, ಸುಡುವ ಜ್ವರ, ವಸಡಲ್ಲಿ ರಕ್ತ. ದಿನಾ ಬಿ.ಪಿ. ಮಾತ್ರೆ ಜೊತೆ ಇದನ್ನೂ ತಪ್ಪದೆ ಕೊಟ್ಟೆ ಎಂದರು ಅವರ ಹೆಂಡತಿ. ಡಾಕ್ಟರು ಖಾಲಿಯಾದ ಎರಡು ಪಟ್ಟಿಗಳನ್ನು ನೋಡಿ ಸಿಸ್ಟರನ್ನು ಪಕ್ಕಕ್ಕೆ ಕರೆದರು. ಮೈಯಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತಿತ್ತು. ಆರನೇ ದಿನ ಮೇಷ್ಟ್ರು ತೀರಿಕೊಂಡರು.

ಅತ್ತಿಗೆಗೆ ತಾನೇ ಹೇಳುತ್ತೇನೆಂದು ಹೋದ ಸಿಸ್ಟರ್, ಅದೇನೋ ರಕ್ತದ ಕಾಯಿಲೆ ಅಂದುಬಿಟ್ಟರು. ಪಕ್ಕದಲ್ಲಿದ್ದ ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ನಲ್ಲಿ ಹತ್ತಿರ ಮುಖ ತೊಳೆಯುತ್ತಾ ಸಿಸ್ಟರ್ ಕೇಳಿದರು: “ಕೈಯಾರೆ ಕೊಟ್ಟವರು ಅವರು. ಗೊತ್ತಾದ್ರೆ ಬದುಕ್ತಾರೇನ್ರೀ?” ಆಗಿದ್ದು ಆಗಿಹೋಯಿತು, ಬಿಡಿ ಅಂದೆ. ನನಗೂ ಅದೇ ಸುಲಭವಾಗಿತ್ತು.

ತಿಂಗಳು ಕಳೆದ ಮೇಲೆ ಆ ಅತ್ತಿಗೆ ಕಿಟಕಿಗೆ ಬಂದರು. ಕೈಯಲ್ಲಿ ಅದೇ ಮಾತ್ರೆಯ ಪಟ್ಟಿ.

“ಅವರದ್ದು ಉಳಿದಿತ್ತಪ್ಪ. ನನಗೂ ಬೆರಳು ಹಿಡ್ಕೊಂಡಿವೆ. ಎಸೆಯೋದ್ಯಾಕೆ ಅಂತ ಮೂರು ದಿನದಿಂದ ನಾನೇ ನುಂಗ್ತಿದ್ದೀನಿ. ಇನ್ನೊಂದಿಷ್ಟು ಕೊಡ್ತೀಯಾ?”

ಸಿಸ್ಟರ್ ಎದ್ದು ಬಂದು ಆ ಪಟ್ಟಿ ಕಿತ್ತುಕೊಂಡರು. ಅತ್ತಿಗೆಯನ್ನು ಬೆಂಚಿನ ಮೇಲೆ ಕೂರಿಸಿ, ಎರಡೂ ಕೈ ಹಿಡಿದು, ಏನನ್ನೂ ಮುಚ್ಚಿಡದೆ ಹೇಳಿದರು. ಇದು ವಾರಕ್ಕೊಂದೇ ನುಂಗುವ ಮಾತ್ರೆ. ಅಣ್ಣನನ್ನು ಕೊಂದದ್ದು ಇದೇ. ರಕ್ತದ ಕಾಯಿಲೆ ಅಂದದ್ದು ಸುಳ್ಳು. ಅಣ್ಣನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಕೇಳದೆ ಕಳಿಸಿದ್ದು ತನ್ನ ತಪ್ಪು. ನಾನೂ ಹೊರಗೆ ಬಂದು ನನ್ನ ತಮಾಷೆಯ ವಿಷಯ ಹೇಳಿಕೊಂಡೆ. ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೂಡಲೇ ರಕ್ತ ಪರೀಕ್ಷೆ ಆಗಬೇಕಿತ್ತು. ಮೂರೇ ದಿನವಾದ್ದರಿಂದ ಆಮೇಲೆ ಅವರಿಗೇನೂ ಆಗಲಿಲ್ಲ. ಆದರೆ ಆಗ ಅದು ಯಾರಿಗೆ ಗೊತ್ತು? ಸಿಸ್ಟರ್ ಅತ್ತಿಗೆಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದರು. ಅತ್ತಿಗೆ ಅಳಲಿಲ್ಲ, ಬಯ್ಯಲೂ ಇಲ್ಲ. ಮೆಲ್ಲಗೆ ಮಾತಾಡಿದರು.

“ಅವತ್ತು ನಾನೂ ಬಂದಿದ್ದೆ. ಇದೇ ಬೆಂಚ್ ಮೇಲೆ ಕೂತಿದ್ದೆ. ಅವರು ಯಾವತ್ತಾದ್ರೂ ತಾವಾಗಿ ಒಂದು ಮಾತ್ರೆ ತಗೊಂಡಿದ್ದುಂಟೇನಮ್ಮಾ? ಕೊಡೋಳು ನಾನು. ನನ್ನನ್ನ ಯಾಕೆ ಕರೀಲಿಲ್ಲ?”

ಸಿಸ್ಟರ್ ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಎಷ್ಟು ಜ್ಞಾಪಿಸಿಕೊಂಡರೂ ಆ ದಿನ ಬೆಂಚಿನ ಮೇಲೆ ಅವರು ಕೂತಿದ್ದು ನೆನಪಾಗಲಿಲ್ಲ.