ವಿಷಯ ಸಂಖ್ಯೆ ನೂರ ಹದಿನೆಂಟು

ಮಧುಗಿರಿ ಪೇಟೆಯಲ್ಲಿ ಬೈಂಡಿಂಗ್ ಮೂಡಲಗಿರಿಯಪ್ಪನ ಅಂಗಡಿ ಎಂದರೆ ಅಂಗಡಿಯೇನಲ್ಲ, ಅವನ ಮನೆಯ ಜಗಲಿ. ಅಲ್ಲಿ ಪುಸ್ತಕ ಒತ್ತುವ ಮರದ ಪ್ರೆಸ್ಸು, ರಟ್ಟಿನ ಕಂತೆ, ಮೈಲುತುತ್ತ ಬೆರೆಸಿದ ಮೈದಾ ಅಂಟಿನ ಬಟ್ಟಲು, ಮತ್ತು ಇವುಗಳ ನಡುವೆ ಕಾಲು ಮಡಿಸಿ ಕೂತ ಮೂಡಲಗಿರಿಯಪ್ಪ. ಶಾಲೆಯ ಹಾಜರಿ ಪುಸ್ತಕ, ಜೋಯಿಸರ ಹಳೇ ಪಂಚಾಂಗ, ವಕೀಲರ ಕಾನೂನು ಎಲ್ಲವೂ ಅವನ ಸೂಜಿಗೆ ಸಿಕ್ಕಿಯೇ ಗಟ್ಟಿಯಾಗುತ್ತಿದ್ದವು.

ಅವನಿಗೊಂದು ದೌರ್ಬಲ್ಯ. ಹೊಲಿಯುವುದನ್ನು ಓದದೆ ಬಿಡುತ್ತಿರಲಿಲ್ಲ. ಆದರೆ ಇನ್ನೂ ಮಡಿಸದ ಅಚ್ಚಿನ ದೊಡ್ಡ ಹಾಳೆಯಲ್ಲಿ ಒಂದನೇ ಪುಟದ ಪಕ್ಕ ಹದಿನಾರನೇ ಪುಟ ಇರುತ್ತದೆ. ಅವನು ಓದುತ್ತಿದ್ದದ್ದೂ ಅದೇ ಕ್ರಮದಲ್ಲಿ. ಹಾಗಾಗಿ ವೈದ್ಯ, ಜ್ಯೋತಿಷ, ಕಾನೂನು ಎಲ್ಲದರ ಬಗ್ಗೆಯೂ ಅವನಿಗೆ ಆರಂಭ ಗೊತ್ತು, ಅಂತ್ಯ ಗೊತ್ತು, ನಡುವಿನದು ಗೊತ್ತಿಲ್ಲ. ಪೇಟೆಯಲ್ಲಿ ವಾದ ಮಾಡುವುದಕ್ಕೆ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು.

ಊರಿನ ದೊಡ್ಡ ಮನುಷ್ಯರು ಚಂದ್ರಶೇಖರಯ್ಯನವರು. ಪ್ರಜಾಪ್ರತಿನಿಧಿ ಸಭೆಗೆ ಮಧುಗಿರಿಯ ಮೆಂಬರು. ಮಹಾರಾಜರ ಕಾಲವಲ್ಲವೆ, ವರ್ಷಕ್ಕೆರಡು ಸಲ, ದಸರೆಗೊಮ್ಮೆ ದೊರೆಯ ಹುಟ್ಟುಹಬ್ಬದ ವರ್ಧಂತಿಗೊಮ್ಮೆ, ಸಂಸ್ಥಾನದ ಮೆಂಬರುಗಳೆಲ್ಲ ಮೈಸೂರಿನಲ್ಲಿ ಸೇರಿ ದಿವಾನರ ಮುಂದೆ ತಮ್ಮ ತಮ್ಮ ತಾಲ್ಲೂಕಿನ ಕಷ್ಟ ಹೇಳಿಕೊಳ್ಳುತ್ತಿದ್ದರು. ಕೇಳಬೇಕಾದ ವಿಷಯಗಳನ್ನು ಮೊದಲೇ ಬರೆದು ಕೊಟ್ಟರೆ ಒಂದೊಂದಕ್ಕೂ ಒಂದು ಸಂಖ್ಯೆ ಬೀಳುತ್ತಿತ್ತು. ಆ ಸಂಖ್ಯೆ ಕೂಗಿದಾಗ ಮೆಂಬರು ಎದ್ದು ಮಾತಾಡಬೇಕು.

ಚಂದ್ರಶೇಖರಯ್ಯನವರು ಹೊರಡುವಾಗ ಅರ್ಧ ಊರು ಬಸ್ಸಿನ ಹತ್ತಿರ ಸೇರುತ್ತಿತ್ತು. ಒಬ್ಬರಿಗೆ ಕೆರೆಯ ತೂಬು, ಇನ್ನೊಬ್ಬರಿಗೆ ಬಡವನಹಳ್ಳಿ ರಸ್ತೆ. ಅವರು ಎಲ್ಲರ ಚೀಟಿಯನ್ನೂ ಕೋಟಿನ ಜೇಬಿಗೆ ಹಾಕಿಕೊಳ್ಳುವರು. ಹಿಂತಿರುಗಿದಾಗ ಜರಿಪೇಟ ಇನ್ನೂ ತಲೆಯ ಮೇಲಿರುವಂತೆಯೇ ಜಗಲಿಯ ಮೇಲೆ ಕೂತು, ಕೇಳಿದವರಿಗೆಲ್ಲ "ಆಯ್ತು, ಹೇಳಿದೀನಿ" ಅನ್ನುವರು. ಯಾರನ್ನೂ ಬರಿಗೈಲಿ ಕಳಿಸುವ ಮನುಷ್ಯರಲ್ಲ. ಸುಳ್ಳೆಂಬ ಭಾವನೆ ಅವರಿಗಿರಲಿಲ್ಲ. ಮೈಸೂರಿಗೆ ಹೋಗಿಬಂದದ್ದೇ ಹೇಳಿದ ಹಾಗೆ ಎಂದು ಅವರು ಮನಃಪೂರ್ವಕ ನಂಬಿದ್ದರು.

ಮೂವತ್ತನೇ ಇಸವಿಯ ದಸರೆಗೆ ಮೂಡಲಗಿರಿಯಪ್ಪನದೂ ಒಂದು ಚೀಟಿ ಆ ಜೇಬಿಗೆ ಬಿತ್ತು.

ಅವನ ಒಬ್ಬಳೇ ಮಗಳು ಕದರಮ್ಮನನ್ನು ಮಿಡಿಗೇಶಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತಾಯಿ ಹೋಗಿ ತವರಿಗೆ ಕರೆತರುವಾಗ, ಎಂಟನೇ ತಿಂಗಳಲ್ಲಿ, ಗಾಡಿಯ ಕುಲುಕಾಟಕ್ಕೆ ದಾರಿಯಲ್ಲೇ ನೋವು ಬಂತು. ಕೂಸು ಉಳಿಯಲಿಲ್ಲ. ಮಗಳು ಉಳಿದದ್ದೇ ಹೆಚ್ಚು. ಮಿಡಿಗೇಶಿಯಲ್ಲಿ ಸರ್ಕಾರದ ಒಬ್ಬ ಸೂಲಗಿತ್ತಿ ಇದ್ದಿದ್ದರೆ ಬಸುರಿಯನ್ನು ಗಾಡಿ ಹತ್ತಿಸಬೇಕಾಗಿಯೇ ಇರಲಿಲ್ಲ ಎಂದು ಅವನು ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟಿದ್ದ.

ದಸರೆ ಮುಗಿಸಿ ಬಂದ ಮೆಂಬರು ಅವನ ಭುಜ ತಟ್ಟಿದರು. "ಕೇಳ್ದೆ ಕಣಯ್ಯ. ದಿವಾನರು ತಲೆ ಆಡಿಸಿದ್ರು. ಬರೋ ವರ್ಧಂತಿ ಒಳಗೆ ಸೂಲಗಿತ್ತಿ ಬಂದ್ಲು ಅಂತಲೇ ತಿಳ್ಕೊ."

ಮೂಡಲಗಿರಿಯಪ್ಪ ಹಾಗೆಯೇ ತಿಳಿದುಕೊಂಡ. ಮಾರನೇ ವರ್ಷ ಕದರಮ್ಮ ಮತ್ತೆ ಬಸುರಿಯಾದಳು. ಅವನ ಹೆಂಡತಿ ಕೆಂಚಮ್ಮ ಐದನೇ ತಿಂಗಳಲ್ಲೇ ಹಟ ಹಿಡಿದಳು.

"ಈಗ್ಲೇ ಕರ್ಕಂಬಂದ್ಬುಡಾನ. ಆಸ್ಪತ್ರೆ ಇಲ್ಲೇ ಐತೆ. ಈಗಾದ್ರೆ ಗಾಡಿ ಏನೂ ಮಾಡಕಿಲ್ಲ."

"ಆ ಗಾಡಿ ಸಾವಾಸ ಮತ್ತೆ ಬ್ಯಾಡ ಕಣೇ. ದಿವಾನ್ರೇ ಒಪ್ಪವ್ರಂತೆ. ಸೂಲಗಿತ್ತಿ ಇನ್ನೇನು ಬರ್ತಾಳೆ."

"ಬರ್ಲಿಲ್ಲ ಅಂದ್ರೆ?"

"ಸಭೇಲಿ ಆಡಿದ ಮಾತು ಅಚ್ಚಾಗುತ್ತೆ. ಅಚ್ಚಾದ ಮಾತು ಸುಳ್ಳಾಗುತ್ತಾ?"

ಪುಸ್ತಕ ಹೊಲಿಯುವವನು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಕೆಂಚಮ್ಮನಿಗೆ ಓದು ಬರುತ್ತಿರಲಿಲ್ಲ, ಹಟ ಬಿಟ್ಟಳು. ಕದರಮ್ಮ ಮಿಡಿಗೇಶಿಯಲ್ಲೇ ಉಳಿದಳು. ವರ್ಧಂತಿ ಕಳೆದರೂ ಸೂಲಗಿತ್ತಿ ಬರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ ಅಳಿಯ ತಿಪ್ಪಯ್ಯ ನಡೆದುಕೊಂಡೇ ಬಂದು ಜಗಲಿಯ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ. ಎರಡು ದಿನ ನೋವು ತಿಂದಿದ್ದಳಂತೆ. ತಾಯಿ ಕೂಸು ಇಬ್ಬರೂ ಇಲ್ಲ.

ಆಮೇಲಿನ ಐದು ವರ್ಷ ಮೂಡಲಗಿರಿಯಪ್ಪ ಸರ್ಕಾರವನ್ನು ಬೈದ. ಕೊಟ್ಟ ಮಾತಿಗೆ ತಪ್ಪಿತು ಎಂದು, ಹಾಜರಿ ಪುಸ್ತಕ ತಂದ ಮೇಷ್ಟರನ್ನು ಕೂರಿಸಿಕೊಂಡು ಬೈದ. ಮೆಂಬರನ್ನು ಮಾತ್ರ ಬೈಯಲಿಲ್ಲ. ಅವರೇನು ಮಾಡಿಯಾರು, ಕೇಳಿದ್ದರಲ್ಲ.

ಕೆಂಚಮ್ಮ ಯಾರನ್ನೂ ಬೈಯಲಿಲ್ಲ. ಅವಳು ಬೇರೆಯದೇ ಒಂದನ್ನು ಹಿಡಿದುಕೊಂಡಿದ್ದಳು. ಬಾವಿಯ ಹತ್ತಿರ ಯಾರಾದರೂ ಮಗಳ ಮಾತೆತ್ತಿದರೆ, "ನಮ್ಮ ಕದ್ರಿ ಕಷ್ಟಾನ ಮೈಸೂರು ದೊರೆ ಸಭೇಲಿ ಎದ್ ನಿಂತು ಹೇಳವ್ರೆ ಕಣಮ್ಮ. ಮುನ್ನೂರು ಜನ ಪೇಟದೋರು ಕೇಳವ್ರೆ" ಅನ್ನುವಳು. ಹಾಗೆಂದಾಗ ಕೊಡ ಎತ್ತುವ ಅವಳ ಕೈಗೆ ಸ್ವಲ್ಪ ಬಲ ಬಂದಂತೆ ಕಾಣುತ್ತಿತ್ತು.

ಮೂವತ್ತಾರನೇ ಇಸವಿಗೆ ಚಂದ್ರಶೇಖರಯ್ಯನವರಿಗೆ ಅರವತ್ತು ತುಂಬಿತು. ಶಾಂತಿ, ಹೋಮ, ಊಟ ಎಲ್ಲ ನಿಶ್ಚಯವಾಯಿತು. ಅದರ ಜೊತೆಗೆ, ತಾವು ಸಭೆಯಲ್ಲಿ ಆಡಿದ ಮಾತೆಲ್ಲ ಒಂದೇ ಪುಸ್ತಕವಾಗಿ, ಕೆಂಪು ಕ್ಯಾಲಿಕೋ ಬಟ್ಟೆ ಹೊದ್ದು, ಬಂಗಾರದ ಅಕ್ಷರ ತೊಟ್ಟು ಬೆಳ್ಳಿ ತಟ್ಟೆಯಲ್ಲಿ ಕೂರಬೇಕೆಂದು ಅವರಿಗೆ ಆಸೆಯಾಯಿತು. ಸಭೆಯ ನಡವಳಿಕೆಗಳನ್ನು ಅಚ್ಚು ಹಾಕಿಸಿ ಸರ್ಕಾರ ಪ್ರತಿ ಮೆಂಬರಿಗೂ ಕಳಿಸುತ್ತಿತ್ತು. ಒಂಬತ್ತು ವರ್ಷದ ಹದಿನೆಂಟು ಸಂಪುಟ ಅಟ್ಟದಿಂದ ಇಳಿದು ಮೂಡಲಗಿರಿಯಪ್ಪನ ಜಗಲಿಗೆ ಬಂದವು.

"ನನ್ನ ಹೆಸರಿರೋ ಹಾಳೆ ಮಾತ್ರ ಬಿಡಿಸಿ ತೆಗಿ," ಅಂದಿದ್ದರು ಮೆಂಬರು. "ಒಂದೂ ತಪ್ಪಬಾರ್ದು."

ಸಂಪುಟಗಳಲ್ಲಿ ಮಡಿಕೆಯಾಗಿ ಕೂಡಿಕೊಂಡಿದ್ದ ಹಾಳೆಗಳ ಅಂಚನ್ನು ಯಾರೂ ಸೀಳಿರಲಿಲ್ಲ. ಅಂದರೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಯಾರೂ ತೆರೆದಿರಲಿಲ್ಲ. ಮೂಡಲಗಿರಿಯಪ್ಪ ಚಾಕು ಹಿಡಿದು ಒಂದೊಂದೇ ಸೀಳುತ್ತ, ತನ್ನ ಮೆಂಬರನ್ನು ಮೊದಲ ಬಾರಿಗೆ ಕ್ರಮವಾಗಿ ಓದತೊಡಗಿದ. ಕತ್ತರಿಸಿದ ಅಂಚಿನ ಚೂರುಗಳ ಮೇಲೆ ಗೀಟು ಹಾಕಿ ಲೆಕ್ಕ ಇಟ್ಟ. 'ಹಿಂದಿನ ಸದಸ್ಯರ ಮಾತನ್ನು ಅನುಮೋದಿಸುತ್ತೇನೆ' ಎಂದದ್ದು ನಲವತ್ತೊಂದು ಸಲ. ದಿವಾನರಿಗೆ ವಂದನೆ ಹದಿನೇಳು ಸಲ. ತುಮಕೂರಿನಿಂದ ಮಧುಗಿರಿಗೆ ರೈಲು ಬೇಕೆಂದದ್ದು ಆರು ಸಲ. ಏಳನೇ ಸಲ, ಬರದೇ ಇದ್ದ ಆ ರೈಲಿಗೆ ಎರಡನೇ ದರ್ಜೆಯ ಡಬ್ಬಿ ಜಾಸ್ತಿ ಇರಲಿ ಎಂದಿದ್ದರು. ಒಂದು ನಿರ್ಣಯದ ಮೇಲೆ ಸೋಮವಾರ ಪರವಾಗಿ ಕೈ ಎತ್ತಿದವರ ಪಟ್ಟಿಯಲ್ಲಿದ್ದರು, ಅದೇ ನಿರ್ಣಯ ಮಂಗಳವಾರ ಮತ್ತೆ ಬಂದಾಗ ವಿರುದ್ಧ ಎತ್ತಿದವರ ಪಟ್ಟಿಯಲ್ಲೂ ಇದ್ದರು. ಎರಡು ದಿನವೂ ಪಕ್ಕದಲ್ಲಿ ಕೂತವರು ಬೇರೆ ಬೇರೆ ಇದ್ದಿರಬೇಕು.

ಮೂಡಲಗಿರಿಯಪ್ಪ ಇದಕ್ಕೆಲ್ಲ ನಗಲೂ ಇಲ್ಲ, ಬೇಜಾರೂ ಪಡಲಿಲ್ಲ. ಅವನು ಹುಡುಕುತ್ತಿದ್ದದ್ದು ಒಂದೇ ಪುಟ. ಕೆಂಚಮ್ಮನೂ ದಿನಕ್ಕೆ ನಾಲ್ಕು ಸಲ ಬಾಗಿಲಿಗೆ ಬಂದು, "ಸಿಕ್ತಾ?" ಅನ್ನುತ್ತಿದ್ದಳು. "ಸಿಕ್ರೆ ಓದಿ ಹೇಳ್ಬೇಕು ನಂಗೆ. ಹೆಂಗೆಂಗ್ ಅಂದ್ರೋ ಅಂಗಂಗೇ."

ಸಿಕ್ಕಿತು. ಮೂವತ್ತನೇ ಇಸವಿಯ ದಸರೆಯ ಸಂಪುಟ, ಸಭೆಯ ನಾಲ್ಕನೇ ದಿನ.

'ವಿಷಯ ಸಂಖ್ಯೆ 118. ಮಿಡಿಗೇಶಿ ಗ್ರಾಮಕ್ಕೆ ಸೂಲಗಿತ್ತಿಯ ನೇಮಕ. ಶ್ರೀ ಚಂದ್ರಶೇಖರಯ್ಯ, ಮಧುಗಿರಿ. ಸದಸ್ಯರು ಹಾಜರಿರಲಿಲ್ಲ. ವಿಷಯವನ್ನು ಕೈಬಿಡಲಾಯಿತು.'

ಮುಂದಿನ ಪುಟ ನೋಡಿದ, ಹಿಂದಿನ ಪುಟ ನೋಡಿದ. ಆರಂಭ, ಅಂತ್ಯ ಓದಿ ನಡುವಿನದನ್ನು ಊಹಿಸುವ ಅಭ್ಯಾಸ ಅವನಿಗೆ. ಇಲ್ಲಿ ಊಹಿಸಲು ಏನೂ ಇರಲಿಲ್ಲ. ಹಾಳೆಯನ್ನು ಬಿಡಿಸಿಕೊಂಡು, ಮೇಲುವಸ್ತ್ರ ಹೆಗಲಿಗೆ ಹಾಕಿ ಮೆಂಬರ ಮನೆಗೆ ಹೋದ.

ಚಂದ್ರಶೇಖರಯ್ಯನವರು ಒಳ್ಳೇ ಖುಷಿಯಲ್ಲಿದ್ದರು. "ಬಾರಯ್ಯ. ಎಷ್ಟು ಹಾಳೆ ಆಯ್ತು?"

"ಎಂಬತ್ತಮೂರು ಸ್ವಾಮಿ."

"ಅಷ್ಟೇನಾ? ದಪ್ಪ ಕಾಣುತ್ತಾ?"

"ನಡುನಡುವೆ ಖಾಲಿ ಹಾಳೆ ಹಾಕಿದ್ರೆ ಕಾಣುತ್ತೆ."

"ಹಾಕು, ಹಾಕು. ಓದೋರಿಗೂ ಉಸಿರು ಬಿಡಕ್ಕಾಗುತ್ತೆ."

ಮೂಡಲಗಿರಿಯಪ್ಪ ಕೈಯಲ್ಲಿದ್ದ ಹಾಳೆಯನ್ನು ಅವರ ಮುಂದೆ ಇಟ್ಟ. ಅವರು ಕನ್ನಡಕ ಏರಿಸಿ ಓದಿದರು, ತಾರೀಕು ನೋಡಿದರು, ಹಣೆ ತಿಕ್ಕಿಕೊಂಡರು.

"ನಾಲ್ಕನೇ ದಿನ... ಅಯ್ಯೋ, ಆವತ್ತು ನಮ್ಮ ಜಿಲ್ಲೆ ಮೆಂಬರುಗಳ ಫೋಟೋ ಕಣಯ್ಯ. ಬಿಸಿಲು ನೋಡ್ಕೊಂಡು ಕರೆದ್ಬಿಟ್ಟ ಫೋಟೋದೋನು. ಅಗೋ, ಗೋಡೆ ಮೇಲೆ ಐತಲ್ಲ. ನೀನೇ ಅಲ್ವೇನಯ್ಯ ಅದಕ್ಕೆ ರಟ್ಟು ಹಾಕಿಕೊಟ್ಟಿದ್ದು?"

"ಹೂಂ ಸ್ವಾಮಿ. ನಾನೇ."

"ನನ್ನ ನಂಬರು ಸಂಜೆ ಮೇಲೆ ಬರುತ್ತೆ ಅಂದ್ಕೊಂಡಿದ್ದೆ. ಹೋಗ್ಲಿ, ಬರೆದು ಕೊಟ್ಟಿದ್ನಲ್ಲ, ಕೇಳಿದಂಗೇ ಆಯ್ತು." ಸ್ವಲ್ಪ ತಡೆದು, ನಿಜವಾದ ಕಾಳಜಿಯಿಂದಲೇ ಕೇಳಿದರು. "ಅಂದಹಾಗೆ, ಮಗಳು ಚೆನ್ನಾಗವ್ಳಾ?"

"ಇಲ್ಲ ಸ್ವಾಮಿ. ತೀರ್ಕೊಂಡು ಐದು ವರ್ಷ ಆಯ್ತು. ಎರಡನೇ ಹೆರಿಗೇಲಿ."

ಚಂದ್ರಶೇಖರಯ್ಯನವರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಆಮೇಲೆ ಒಳಗಿನಿಂದ ಕಾಫಿ ತರಿಸಿದರು. ಕಾಫಿ ಆರುವವರೆಗೂ ಅವನು ಮುಟ್ಟಲಿಲ್ಲ.

"ಈ ದಸರೆಗೆ ಮೊದಲನೇ ವಿಷಯವೇ ಅದು," ಅಂದರು ಕೊನೆಗೆ. ಹಾಳೆಯನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದರು. "ಇದೊಂದು ಪುಸ್ತಕದಲ್ಲಿ ಬೇಡ ಕಣಪ್ಪ. ಆ ಜಾಗಕ್ಕೂ ಒಂದು ಖಾಲಿ ಹಾಳೆ ಹಾಕ್ಬಿಡು."

ಮೂಡಲಗಿರಿಯಪ್ಪ ಹಾಳೆ ಹಿಡಿದು ಮನೆಗೆ ಬಂದ. ದಾರಿಯುದ್ದಕ್ಕೂ ಅವನು ಮೆಂಬರ ಬಗ್ಗೆ ಯೋಚಿಸಲಿಲ್ಲ. ಐದನೇ ತಿಂಗಳಲ್ಲೇ ಕರೆತರೋಣ ಎಂದವಳು ಕೆಂಚಮ್ಮ, ಬೇಡವೆಂದವನು ತಾನು. ಇಷ್ಟು ದಿನ ಆ ಮಾತನ್ನು ಮುಚ್ಚಿಕೊಂಡು ಅದರ ಮೇಲೆ ಸರ್ಕಾರ ಕೂತಿತ್ತು. ಈಗ ಸರ್ಕಾರ ಎದ್ದುಹೋಯಿತು. ಸರ್ಕಾರಕ್ಕೆ ಹೇಳಿದವರೇ ಇಲ್ಲ.

ಕೆಂಚಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಅವನ ಕೈಯಲ್ಲಿ ಒಂದೇ ಹಾಳೆ ಇರುವುದನ್ನು ಕಂಡು ಸೆರಗಿನಿಂದ ಕೈ ಒರೆಸಿಕೊಂಡು ಕಂಬಕ್ಕೆ ಒರಗಿ ಕೂತಳು. "ಸಿಕ್ಬುಡ್ತಾ? ಓದಿ ಮತ್ತೆ."

ಅವನು ಹಾಳೆಯನ್ನು ಕಣ್ಣಿನೆತ್ತರಕ್ಕೆ ಹಿಡಿದ. ಓದಿದ.

"ಮಾನ್ಯ ಅಧ್ಯಕ್ಷರೇ. ನಮ್ಮ ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯಲ್ಲಿ ಬಸುರಿ ಹೆಂಗಸರಿಗೆ ದಿಕ್ಕಿಲ್ಲ. ಹನ್ನೆರಡು ಮೈಲಿ ಗಾಡಿಯಲ್ಲಿ ಬರಬೇಕು. ಹೋದ ವರ್ಷ ಒಬ್ಬ ಹುಡುಗಿ, ವಯಸ್ಸು ಹದಿನೇಳು, ಹುಣಸೇಮರದ ಕೆಳಗೆ ಗಾಡಿ ನಿಲ್ಲಿಸಿ ಕೂಸನ್ನು ಕಳೆದುಕೊಂಡಳು. ಕೂಸಿಗೆಂದು ತಂದಿದ್ದ ಮೆತ್ತನೆ ಬಟ್ಟೆಯನ್ನು ಅವಳ ತಾಯಿ ಹಾಗೇ ಮಡಿಸಿ ವಾಪಸು ಒಯ್ದಳು. ಇಂಥದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಪ್ರಾರ್ಥಿಸುತ್ತೇನೆ."

ಹದಿನೆಂಟು ಸಂಪುಟ ಓದಿದ್ದವನು, ಮೆಂಬರುಗಳ ಧಾಟಿ ಅವನ ನಾಲಗೆಗೆ ಹತ್ತಿತ್ತು. ಕೆಂಚಮ್ಮ ಅಲ್ಲಾಡದೆ ಕೇಳಿದಳು.

"ದಿವಾನ್ರು ಏನಂದ್ರು?"

"ಪರಿಶೀಲಿಸಲಾಗುವುದು ಅಂದ್ರು."

ಇದೊಂದು ಮಾತ್ರ ಅವನು ಕಟ್ಟಬೇಕಾಗಿರಲಿಲ್ಲ. ಒಂಬತ್ತು ವರ್ಷವೂ ಎಲ್ಲರಿಗೂ ಅವರು ಹೇಳಿದ್ದು ಅದನ್ನೇ.

"ಇನ್ನೊಂದ್ಸಲ ಓದಿ."

ಅವನು ಮತ್ತೆ ಓದಿದ. ಬಟ್ಟೆಯ ಮಾತು ಹೆಚ್ಚಾಯಿತೇನೋ ಎಂದು ಅಷ್ಟರಲ್ಲಿ ಅವನಿಗೆ ಅಳುಕು ಹುಟ್ಟಿತ್ತು. ಈ ಸಲ ಅದನ್ನು ಬಿಟ್ಟು ಪ್ರಾರ್ಥನೆಗೆ ಬಂದ.

"ಬಟ್ಟೆ ಇಚಾರ ಎಲ್ಲೋಯ್ತು?" ಅಂದಳು ಕೆಂಚಮ್ಮ.

ಅವನು ಹಾಳೆ ನೋಡಿದ.

"ಮಡಿಸಿ ಮಡ್ಲಲ್ಲಿ ಇಟ್ಕಂಡೋಳು ನಾನು. ನಿಮಗ್ ಬಿಟ್ರೆ ಯಾರ್ಗೂ ಹೇಳಿಲ್ಲ ನಾನು ಅದ್ನ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಎಮ್ಮೆ ದಾಟುವವರೆಗೂ ಇಬ್ಬರೂ ಬೀದಿಯನ್ನೇ ನೋಡಿದರು.

"ಮೆಂಬರು ಕೇಳೇ ಇಲ್ಲ ಕಣೇ," ಅಂದ ಮೂಡಲಗಿರಿಯಪ್ಪ. "ಅವ್ರು ಅಲ್ಲಿರ್ಲೇ ಇಲ್ಲ. ಫೋಟೋ ತೆಗ್ಸಕ್ಕೆ ಹೋಗಿದ್ರು. ನಾನು ಆವತ್ತು ನಿನ್ನ ಮಾತು ಕೇಳಿದ್ದಿದ್ರೆ ಮಗಳು ಉಳಿಯೋಳು."

ಕೆಂಚಮ್ಮ ಕೈ ಚಾಚಿ ಹಾಳೆ ತೆಗೆದುಕೊಂಡಳು. ಅಕ್ಷರಗಳ ಮೇಲೆ ಬೆರಳಿಟ್ಟು ಎಲ್ಲಿ, ಎಷ್ಟು ಸಾಲು ಎಂದು ಕೇಳಿದಳು. ಅವನು ತೋರಿಸಿದ. ಮೂರೇ ಸಾಲು. ಅವಳು ಮೂರನ್ನೂ ಒಂದೊಂದಾಗಿ ಸವರಿದಳು.

"ಮೊದ್ಲು ಓದಿದ್ರಲ್ಲ, ಅದು ಚೆನ್ನಾಗಿತ್ತು," ಅಂದಳು. "ಮೆಂಬರಿಗೆ ಅಂಗೆಲ್ಲ ಹೇಳಕ್ಕೆ ಬರ್ತಿರ್ಲಿಲ್ಲ ಬುಡಿ."

ಅಷ್ಟು ಹೇಳಿ ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು. ಅಂಟು ಗಟ್ಟಿಯಾಗಿರುವುದನ್ನು ನೋಡಿ, ಕಾಯಿಸಿ ತರುತ್ತೇನೆಂದು ಬಟ್ಟಲು ಹಿಡಿದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.