ಕಾರಿಗೆ ಸುರಿದ ನೀರು

ದೆವ್ವ, ಶಕುನ, ಕನಸಿನಲ್ಲಿ ಬಂದು ಮಾತಾಡುವ ಹಿರಿಯರು ಎಂದೆಲ್ಲ ಯಾರಾದರೂ ಶುರು ಮಾಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಈಗಲೂ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಆದರೆ ಬೇಸಿಗೆಯ ಆ ಒಂದು ಮಧ್ಯಾಹ್ನದ ಮಾತು ಬಂದರೆ ಮಾತ್ರ ನನಗೆ ನಗು ಬರುವುದಿಲ್ಲ.

ಆಗ ಯುದ್ಧದ ಕಾಲ, ಗಾಡಿಯ ಬಿಡಿಭಾಗಗಳು ಸಿಗುತ್ತಿರಲಿಲ್ಲ. ನಮ್ಮೂರು ಮೂಡಲಗಿ, ಅವ್ವನ ತವರು ಹುಕ್ಕೇರಿ. ಅವ್ವನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಿಂದೊಮ್ಮೆ ನಮ್ಮಲ್ಲಿಗೆ ಬಂದಾಗ ಹಿತ್ತಲ ಬಾವಿಯ ನೀರು ಕುಡಿದು, "ಕಡೀಕ ನನ್ನ ಬಾಯಾಗ ಇದ ನೀರ ಬಿಡವ್ವಾ, ಅದೂ ನಿನ್ನ ಕೈಲೆ" ಎಂದು ಅವ್ವನಿಂದ ಮಾತು ತೆಗೆದುಕೊಂಡಿದ್ದಳು. ಈಗ ಆಯಿ ಉಳಿಯುವುದಿಲ್ಲವೆಂದು ಸುದ್ದಿ ಬಂತು.

ಅಪ್ಪನ ತಮ್ಮ, ನಮ್ಮ ಕಾಕಾನ ಹತ್ತಿರ ಒಂದು ಹಳೆಯ ಕಾರಿತ್ತು. ಅದರಲ್ಲಿ ಕೂತು ಧುಪದಾಳದಲ್ಲಿ ಹೊಳೆಗೆ ಕಟ್ಟಿದ ಒಡ್ಡು ನೋಡಲು ಹೋದ ಸಂಜೆಗಳನ್ನು ನೆನೆದರೆ ಇಂದಿಗೂ ಮನಸ್ಸು ಹಗುರಾಗುತ್ತದೆ. ಎಂಜಿನ್ ತಣಿಸುವ ನೀರಿನ ರೇಡಿಯೇಟರ್ ಮಾತ್ರ ಸದಾ ಸೋರುತ್ತಿತ್ತು. ಹುಕ್ಕೇರಿಗೆ ಹೊರಡುವ ದಿನ ನಸುಕಿನಲ್ಲೇ ಎದ್ದು ಕಾಕಾ ಹಳೆಯ ನೀರು ಬಸಿದ, ತುಕ್ಕು ತೊಳೆದ, ಬಿರುಕುಬಿಟ್ಟ ರಬ್ಬರ್ ಕೊಳವೆಗೆ ಸೈಕಲ್ ಟ್ಯೂಬ್ ಸುತ್ತಿದ. ಸೋರುವುದು ನಿಲ್ಲಬೇಕಾದರೆ ಕೋಳಿ ತತ್ತಿಯ ಬಿಳಿ ಲೋಳೆ ಹಾಕಬೇಕೆಂದು ಗೋಕಾಕದ ಡ್ರೈವರೊಬ್ಬ ಹೇಳಿದ್ದನಂತೆ. ಲಿಂಗವಂತರ ಮನೆಯಲ್ಲಿ ತತ್ತಿ ಎಲ್ಲಿಂದ ಬರಬೇಕು? ಕಾಕಾ ಜೋಳದ ಹಿಟ್ಟು ಕಲಸಿ ಸುರಿದ.

"ಗಾಡಿಗೆ ಅಂಬಲಿ ಕುಡಸಾಕತ್ತಿ ಏನಪಾ?" ಅಂಥ ಸಂಕಟದಲ್ಲೂ ಅವ್ವ ನಕ್ಕಳು.

"ಸುಮ್ನ ನೋಡ್ರಿ ವೈನಿ, ಇನ್ನ ಒಂದ ಹನಿ ಸೋರೂದಿಲ್ಲ" ಎಂದ ಕಾಕಾ.

ಸೋರಲಿಲ್ಲ, ಖರೆ. ಅವ್ವ, ಕಾಕಾ, ನಾನು ಕಲ್ಲೋಳಿ, ಗೋಕಾಕ, ಘಟಪ್ರಭಾ ದಾಟಿದೆವು. ಆಮೇಲೆ ಬಟಾಬಯಲಿನಲ್ಲಿ ಕಾರು ಬುಸುಗುಟ್ಟಿ ನಿಂತುಬಿಟ್ಟಿತು. ಹಿಟ್ಟು ಒಳಗೇ ಬೆಂದು, ನೀರು ಹರಿಯುವ ದಾರಿಯನ್ನೆಲ್ಲ ಮುಚ್ಚಿತ್ತು. ಕಾಕಾ ಕೆಳಗಿನ ನಳ ತಿರುವಿ, ತಂತಿ ಆಡಿಸಿ, ಅಷ್ಟನ್ನೂ ಹೊರಗೆ ಬಿಟ್ಟ. ಡಬ್ಬಿಯಲ್ಲಿ ತಂದಿದ್ದ ನೀರು ತೊಳೆಯುವುದಕ್ಕೇ ಮುಗಿಯಿತು. ಸುತ್ತ ಬಾವಿಯಿಲ್ಲ, ನರಪಿಳ್ಳೆಯಿಲ್ಲ. ಎಂಜಿನ್ ಆರಲೆಂದು ಜಾಲಿಯ ನೆರಳಿಗೆ ಕೂತೆವು. ಅಲ್ಲಿ ಆಯಿಯ ಜೀವ ಹೋಗುತ್ತಿದೆ, ಇಲ್ಲಿ ನಾವು ಕೂತಿದ್ದೇವೆ. ಕಾಕಾನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಉಳಿದಿದ್ದು ಅವ್ವನ ಮಡಿಲಲ್ಲಿದ್ದ ಸಣ್ಣ ಕೊಡ, ಆಯಿಗೆಂದು ತಂದ ಬಾವಿಯ ನೀರು. ಕಾಕಾ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವ್ವ ತಾನೇ ಎದ್ದಳು.

"ನೀರ ಇಲ್ದಿದ್ರ ಇಲ್ಲ. ಆಕಿ ಮಾರಿ ನೋಡಿದ್ರ ಸಾಕ ನನಗ."

ಸೋಸದೆ ನೀರು ತುಂಬಿ ರೂಢಿಯಿಲ್ಲದ ಕೈ ಅದು. ರೇಡಿಯೇಟರಿನ ಬಾಯಿಗೆ ಸೆರಗು ಹಿಡಿದು, ಅಳುತ್ತ, ಸಾವಕಾಶವಾಗಿ ಸುರಿದಳು.

ಅಷ್ಟು ಮಾಡಿ ಕಾರು ಹೊರಟರೂ ನಾವು ಹುಕ್ಕೇರಿ ಮುಟ್ಟುವಷ್ಟರಲ್ಲಿ ಆಯಿ ಹೋಗಿಬಿಟ್ಟಿದ್ದಳು. ಅವ್ವ ಹೊಸ್ತಿಲಲ್ಲೇ ಕುಸಿದಳು. "ಒಂದ ಹನಿ ನೀರ ಬಿಡಾಕ ಆಗ್ಲಿಲ್ಲಲ್ಲವ್ವಾ!"

ಸೋದರಮಾವನ ಹೆಂಡತಿ ಅವಳನ್ನು ಹಿಡಿದುಕೊಂಡು, "ಹಂಗ್ಯಾಕ ಅಂತೀರಿ ಅಕ್ಕಾರ? ಸ್ವಲ್ಪ ಹೊತ್ತಿನ ಹಿಂದ ಅತ್ತಿಯಾರು ತಾವ ಬಾಯಿ ತಗದ್ರು. ಗುಟುಕು ಗುಟುಕು ನುಂಗಿದ್ರು. 'ನನ್ನ ಮಗಳು ಸೆರಗಿನಾಗ ಸೋಸಿ ಹಾಕಾಕತ್ತಾಳ, ಸಾಕವ್ವಾ' ಅಂದ್ರು. ನಾವ್ಯಾರೂ ನೀರ ಕೊಟ್ಟಿದ್ದಿಲ್ರಿ" ಎಂದಳು. ದಾರಿಯಲ್ಲಿ ನಡೆದದ್ದನ್ನು ನಾವಿನ್ನೂ ಯಾರಿಗೂ ಹೇಳಿರಲಿಲ್ಲ. ಅವ್ವ ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು.

ಸಾಯುವವರ ಕನವರಿಕೆ ಎನ್ನುತ್ತೀರಿ. ಎಷ್ಟೋ ವರ್ಷ ನಾನೂ ಹಾಗೇ ಹೇಳಿಕೊಂಡು ನೋಡಿದೆ. ಆದರೆ ಆಯಿಯ ಕೊರಳಿನಲ್ಲಿ ಲಿಂಗ ಕಟ್ಟಿದ ಶಿವದಾರ ಒದ್ದೆಯಾಗಿತ್ತು. ಬೆವರಲ್ಲ, ನಾನೇ ಮುಟ್ಟಿ ನೋಡಿದ್ದೇನೆ. ಆ ಉರಿಬಿಸಿಲಿನಲ್ಲೂ ಅದು ತಣ್ಣಗಿತ್ತು.