ಯಾರೂ ಮುಟ್ಟದ ಡಬ್ಬಿ

ಅಣ್ಣ ಪುಣೆಯಿಂದ ಕಸದ ಡಬ್ಬಿ ತಂದಾಗ ಬೈಲಹೊಂಗಲದ ನಮ್ಮ ಓಣಿಯ ಅರ್ಧ ಹೆಂಗಸರು ಅದನ್ನು ನೋಡಲು ಬಂದರು. ಇಸವಿ ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಥಳಥಳ ಹೊಳೆಯುವ ಸ್ಟೀಲಿನ ಡಬ್ಬಿ. ಮುಂದೆ ಕೈ ಹಿಡಿದರೆ ಮುಚ್ಚಳ ತಾನಾಗಿ ಏಳುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಇದರಲ್ಲಿ ಕಸ ಹಾಕುವವರಿಗೆ ತಲೆ ಸರಿ ಇಲ್ಲ, ಖಡಕ್ ರೊಟ್ಟಿ ಇಟ್ಟರೆ ತಿಂಗಳಾದರೂ ಮೆತ್ತಗಾಗುವುದಿಲ್ಲ ಎಂದು ಎದುರುಮನೆಯ ಅಜ್ಜಿ ತೀರ್ಪು ಕೊಟ್ಟಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮು ಬಂದ ಕೂಡಲೇ ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋದರು. ಓಣಿಯವರ ಅಕ್ಕರೆ ಅಷ್ಟೇ ಉದ್ದದ್ದು, ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಡಬ್ಬಿ ಬಂದದ್ದು ಅವ್ವನ ಸಲುವಾಗಿಯೇ. ಅವಳಿಗೆ ಟಿ.ಬಿ. ಆಗಿತ್ತು. ಗುಳಿಗೆ ನಡೆದಿದ್ದವು, ಆದರೆ ಡಾಕ್ಟರು ಒಂದು ಮಾತು ಗಟ್ಟಿಯಾಗಿ ಹೇಳಿದ್ದರು: ಕಫದಲ್ಲಿ ರಕ್ತ ಕಂಡರೆ ಆ ಹೊತ್ತಿಗೇ ಕರೆದುಕೊಂಡು ಬರಬೇಕು, ತಡ ಮಾಡಿದರೆ ತಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೀಗಾಗಿ ಅವ್ವನ ಜೀವ ಆ ಕಫವನ್ನು ನೋಡುವವರ ಕಣ್ಣಿನಲ್ಲಿತ್ತು.

ನೋಡುತ್ತಿದ್ದವಳು ವೈನಿ, ಅಂದರೆ ಅಣ್ಣನ ಹೆಂಡತಿ. ಮೊದಲು ನಮ್ಮಲ್ಲಿ ಹಳೇ ಪದ್ಧತಿಯೇ ಇತ್ತು. ತಗಡಿನ ಡಬ್ಬಿಯ ತಳಕ್ಕೆ ಒಲೆಯ ಬೂದಿ ಹಾಕಿ ಅವ್ವನ ಹಾಸಿಗೆಯ ಪಕ್ಕಕ್ಕೆ ಇಡುವುದು, ಅವಳು ಅದರಲ್ಲಿ ಉಗುಳುವುದು. ಮುಂಜಾನೆ ವೈನಿ ಅದನ್ನು ಹಿತ್ತಲಿಗೆ ಒಯ್ದು, ಕಡ್ಡಿಯಿಂದ ಬೂದಿ ಸರಿಸಿ ನೋಡಿ, ಕುಣಿಯಲ್ಲಿ ಹೂತು, ಡಬ್ಬಿಗೆ ಕುದಿಯುವ ನೀರು ಹಾಕುತ್ತಿದ್ದಳು. ಬಿಳಿ ಬೂದಿಯ ಮೇಲೆ ಕೆಂಪು ಎಷ್ಟು ಸಣ್ಣದಿದ್ದರೂ ಅಡಗುವುದಿಲ್ಲ. ವೈನಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಮುಖ ಕಿವುಚಿಕೊಂಡೇ ಈ ಕೆಲಸ ಮಾಡುತ್ತಿದ್ದಳು. ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಅವಳನ್ನು ನಾನು ಯಾವ ಮಾತಿಗೂ ಬಯ್ಯುವುದಿಲ್ಲ. ಆ ಕೆಲಸ ನಗುತ್ತ ಮಾಡುವವರು ಯಾರಿದ್ದಾರೆ?

ಅವ್ವ ಮಾತ್ರ ಆ ಕಿವುಚಿದ ಮುಖವನ್ನು ಮಲಗಿದಲ್ಲಿಂದ ದಿನಾಲು ನೋಡುತ್ತಿದ್ದಳು. ಮನೆ ತುಂಬ ಗದರಿಸಿಕೊಂಡು ಬಾಳಿದ ಹೆಂಗಸು, ಸೊಸೆಗೆ ನೀರು ಕೇಳಲೂ ಹಿಂಜರಿಯತೊಡಗಿದಳು. ಇಬ್ಬರ ನಡುವೆ ಸಿಕ್ಕ ಅಣ್ಣನಿಗೆ ಸಂಕಟ. ಹತ್ತಿ ವ್ಯಾಪಾರಕ್ಕೆಂದು ಪುಣೆಗೆ ಹೋದವನು ಯಾವುದೋ ದೊಡ್ಡ ಅಂಗಡಿಯಲ್ಲಿ ಈ ಡಬ್ಬಿ ಕಂಡು, ಕಿತ್ತೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದನಂತೆ. ಬಂದವನೇ ಅವ್ವನ ಮುಂದಿಟ್ಟು ಹೇಳಿದ: "ಇನ್ನ ಯಾರೂ ಮುಟ್ಟೂದು ಬ್ಯಾಡ, ಯಾರೂ ನೋಡೂದು ಬ್ಯಾಡ."

ಹಳೇ ಧೋತರ ಹರಿದು ಚೂರು ಮಾಡಿ ಅವ್ವನ ದಿಂಬಿನ ಹತ್ತಿರ ಇಟ್ಟರು. ಅವಳು ಚೂರಿನಲ್ಲಿ ಉಗುಳಿ, ಮಡಚಿ, ಕೈ ಚಾಚುತ್ತಿದ್ದಳು. ಮುಚ್ಚಳ ಏಳುತ್ತಿತ್ತು, ನುಂಗುತ್ತಿತ್ತು. ಒಳಗಿನ ಕರೀ ಚೀಲದ ಬಾಯಿ ಕಟ್ಟಿ ವೈನಿ ಹಿತ್ತಲಲ್ಲಿ ಸುಡುತ್ತಿದ್ದಳು. ಅವಳ ಮುಖ ಸಡಿಲಾಯಿತು. ಅವ್ವನ ದನಿಯೂ ತುಸು ಏರಿತು, ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಮತ್ತೆ ತಕರಾರು ಶುರುವಾಯಿತು. ಮನೆಗೆ ಒಳ್ಳೆಯದಾಯಿತೆಂದೇ ನಾವೆಲ್ಲ ತಿಳಿದೆವು.

ನಾನಾಗ ರಾಮದುರ್ಗದಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ಸವದತ್ತಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬರುತ್ತಿದ್ದೆ. ಅಂಥ ಒಂದು ಶನಿವಾರ ಮನೆಗೆ ಬಂದಾಗ ಅಣ್ಣ ಪೇಟೆಯಲ್ಲಿದ್ದ, ವೈನಿ ಗಿರಣಿಗೆ ಹೋಗಿದ್ದಳು. ಅವ್ವ ಹಾಸಿಗೆಯಿಂದಿಳಿದು ಡಬ್ಬಿಯ ಮುಂದೆ ನೆಲಕ್ಕೆ ಕುಳಿತು ಕೈ ಆಡಿಸುತ್ತಿದ್ದಳು. ಸೆಲ್ಲು ಮುಗಿದು ಮುಚ್ಚಳ ಏಳುತ್ತಿರಲಿಲ್ಲ. ಕೈಯಿಂದ ಎತ್ತಿದರೆ ಮುರಿಯುತ್ತದೆ ಎಂದು ಅಣ್ಣ ಎಲ್ಲರಿಗೂ ತಾಕೀತು ಮಾಡಿದ್ದ. ಅವಳು ಮುಟ್ಟುವ ಧೈರ್ಯವಿಲ್ಲದೆ ಮತ್ತೆ ಮತ್ತೆ ಕೈ ಚಾಚುತ್ತಿದ್ದಳು.

ನಾನು ನಕ್ಕು, ಕೊಡು ಇಲ್ಲಿ, ಹೊರಗೆ ಹಾಕಿ ಬರುತ್ತೇನೆ ಎಂದೆ. ಅವ್ವ ಮುಷ್ಟಿ ಬಿಗಿಮಾಡಿ ಬೆನ್ನ ಹಿಂದೆ ಒಯ್ದಳು. ಸಣ್ಣ ಹುಡುಗರಿಂದ ಗೋಲಿ ಕಸಿದುಕೊಂಡಂತೆ ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಬಟ್ಟೆಯ ಚೂರು ತೊಯ್ದು ಕೆಂಪಾಗಿತ್ತು. ದಿಂಬಿನ ಕೆಳಗೆ ಅಂಥವೇ ಇನ್ನಷ್ಟಿದ್ದವು.

ಬೆಳಗಾವಿಯ ದವಾಖಾನೆಯಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ಫೋಟೋ ನೋಡಿ, ಎಷ್ಟು ದಿನದಿಂದ ರಕ್ತ ಬೀಳುತ್ತಿದೆ ಎಂದು ಕೇಳಿದರು. ಅಣ್ಣ ವೈನಿಯ ಮುಖ ನೋಡಿದ, ವೈನಿ ನನ್ನ ಮುಖ ನೋಡಿದಳು. ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕಡೆಗೆ ಅವ್ವನೇ ಹೇಳಿದಳು: "ಭಾಳ ದಿವಸ ಆತ್ರಿ ಸಾಹೇಬ್ರ. ಅದು ಮುಚ್ಚಿಕೊಳ್ಳತದಲ್ರಿ, ಯಾರಿಗೂ ಕಾಣಸಂಗಿಲ್ಲ."

ಡಾಕ್ಟರಿಗೆ ಏನು ಮುಚ್ಚಿಕೊಳ್ಳುತ್ತದೆ ಎಂದು ತಿಳಿಯಲಿಲ್ಲ. ಅಣ್ಣನಿಗೆ ತಿಳಿಯಿತು. ಅವನು ಹೊರಗೆ ಹೋಗಿ ಕಾರಿಡಾರಿನ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ನನಗೆ ಅವ್ವನ ಮೇಲೆ ಸಿಟ್ಟು ಬಂತು, ಇವತ್ತಿಗೂ ಇದೆ. ಸಾಯುವುದಕ್ಕಿಂತ ನಾಚಿಕೆಯನ್ನು ದೊಡ್ಡದು ಮಾಡಿಕೊಂಡ ಹೆಂಗಸಿಗೆ ಏನೆನ್ನಬೇಕು?

ಅವಳು ಅಲ್ಲಿಂದ ಮನೆಗೆ ಬರಲಿಲ್ಲ. ಕೊನೆಯ ದಿನ ಮಾತಾಡುವಷ್ಟು ಉಸಿರಿರಲಿಲ್ಲ, ಆದರೂ ಅಣ್ಣನನ್ನು ಹತ್ತಿರ ಕರೆದು, ಅವನ ಕಣ್ಣೊರೆಸಿ, ಸಮಾಧಾನ ಮಾಡಲೆಂದು ಹೇಳಿದಳು:

"ಡಬ್ಬಿ ಭಾಳ ಛಲೋ ತಂದಿದ್ದಿ ನನ್ನಪ್ಪ. ಅದು ಬಂದ ಮ್ಯಾಲೆ ಯಾರೂ ನನ್ನ ನೋಡಿ ಹೇಸಿಕೊಳ್ಳಲಿಲ್ಲ."

ವೈನಿ ಹಾಸಿಗೆಯ ಕಾಲ ಬಳಿಯೇ ನಿಂತಿದ್ದಳು.